ಮಕ್ಕಳ ದಾಳದ ಡಬ್ಬ ವಾಪಸ್ ಕೊಡ್ಸಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ಕೋಲಾರ ಕಡೆ ಎಲ್ರೂ ನಿಮ್ಮನ್ನ ಅಣ್ಣ ಅಂತಲೇ ಕರೆಯೋದು, ಎದುರಿಗೆ ಸಿಕ್ಕಾಗ ನಾನೂ ಹಂಗೇ ಕರ್ದಿದೀನಿ. ಇವತ್ತು ಮಾತ್ರ ಶಾಸಕರೇ ಅಂತ ಬರೀತಿದೀನಿ, ಯಾಕಂದ್ರೆ ಅಣ್ಣ ಅಂತ ಮೂರು ಸಲ ಅರ್ಜಿ ಕೊಟ್ಟು ಆಯ್ತು. ಜನವರಿಲಿ ಜನಸಂಪರ್ಕ ಸಭೇಲಿ ನಿಮ್ಮ ಕೈಗೇ ಕೊಟ್ಟೆ, ನೀವು ಓದ್ದೆ ಪಕ್ಕದಲ್ಲಿದ್ದ ಪಿಎ ಕೈಗೆ ಕೊಟ್ರಿ, ಅವರು ಫೈಲಲ್ಲಿ ಇಟ್ಕೊಂಡ್ರು. ಮಾರ್ಚಲ್ಲಿ ನಿಮ್ಮ ಆಫೀಸಿಗೆ ಬಂದೆ. ಜೂನಲ್ಲಿ ಮತ್ತೆ ಬಂದೆ, ಆವತ್ತು ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಕಾದು, ನೀವು ಬೆಂಗಳೂರಿಗೆ ಹೋದ್ರಿ ಅಂತ ಕೇಳಿ ಬಸ್ ಹತ್ತಿದೆ. ಕೇಳಿದ್ದು ಏನು ದೊಡ್ಡ ವಿಷ್ಯ? ರಸ್ತೆ ಕೇಳ್ಲಿಲ್ಲ, ಬೋರ್‌ವೆಲ್ ಕೇಳ್ಲಿಲ್ಲ. ಒಂದು ತಗಡಿನ ಬಿಸ್ಕೆಟ್ ಡಬ್ಬ ವಾಪಸ್ ಕೊಡ್ಸಿ ಅಂತ ಕೇಳಿದ್ದು. ಅದು ನಮ್ಮ ಮಕ್ಕಳು ಗಣಿತ ಕಲಿಯೋ ದಾಳದ ಡಬ್ಬ. ಅದನ್ನ ತಪಾಸಣೆಗೆ ಬಂದ ಒಬ್ಬ ಅಧಿಕಾರಿ ಎತ್ಕೊಂಡು ಹೋಗಿ ಎಂಟು ತಿಂಗಳಾಯ್ತು.

ನಾನು ಅತಿಥಿ ಶಿಕ್ಷಕಿ, ಬಿ.ಎಸ್ಸಿ. ಬಿ.ಎಡ್., ಏಳು ವರ್ಷ ಒಂದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಆರು, ಏಳು, ಎಂಟನೇ ಕ್ಲಾಸಿಗೆ ಗಣಿತ ಮಾಡಿದೀನಿ. ಅತಿಥಿ ಶಿಕ್ಷಕರ ಗೌರವಧನ ಎಷ್ಟು, ಅದು ಎಷ್ಟು ತಿಂಗಳಿಗೊಂದ್ಸಲ ಬರುತ್ತೆ ಅಂತ ನಿಮಗೆ ಗೊತ್ತು, ಅದನ್ನ ಬಿಡಿಸಿ ಹೇಳೋಕೆ ಹೋಗಲ್ಲ. ಆ ದುಡ್ಡಲ್ಲೇ ಚಾರ್ಟ್ ಪೇಪರು, ಸ್ಕೆಚ್ ಪೆನ್ನು, ಬಣ್ಣದ ಮಣಿ ಎಲ್ಲಾ ತಂದಿದ್ದು. ಆ ಡಬ್ಬದಲ್ಲಿರೋ ಹನ್ನೆರಡು ದಾಳ ನಮ್ಮೂರಿನ ಬಡಗಿ ಹತ್ರ ಮಾಡ್ಸಿದ್ದು. ಅವರು ಬಾಗಿಲು ಮಾಡಿ ಮಿಕ್ಕಿದ ಮರದ ತುಂಡಲ್ಲಿ ಚೌಕ ಚೌಕ ಕೊಯ್ದು ಉಜ್ಜಿ ಕೊಟ್ರು, ಕಾಸು ಬೇಡ ಅಂದ್ರು. ನಾನು ರಾತ್ರಿ ಕೂತು ಮಾರ್ಕರಲ್ಲಿ ಚುಕ್ಕೆ ಇಟ್ಟೆ.

ನಿಮಗೆ ಪಾಠ ಮಾಡೋಕೆ ಬರೀತಿಲ್ಲ, ಆದ್ರೂ ಆ ದಾಳ ಯಾಕೆ ಅಂತ ಹೇಳ್ಲೇಬೇಕು, ಯಾಕಂದ್ರೆ ಇಲ್ಲಿವರೆಗೆ ಯಾರೂ ಅದನ್ನ ಕೇಳೇ ಇಲ್ಲ. ಎಂಟನೇ ಕ್ಲಾಸಿನ ಗಣಿತದಲ್ಲಿ ದತ್ತಾಂಶಗಳ ನಿರ್ವಹಣೆ ಅನ್ನೋ ಪಾಠದ ಕೊನೆಗೆ ಸಂಭವನೀಯತೆ ಬರುತ್ತೆ. ಒಂದು ವಿಷ್ಯ ಆಗೋ ಅವಕಾಶ ಎಷ್ಟು ಅಂತ ಲೆಕ್ಕ ಹಾಕೋದು, ಅಷ್ಟೇ. ನಾಣ್ಯ ಚಿಮ್ಮೋದು, ದಾಳ ಎಸೆಯೋದು, ತಿರುಗೋ ಚಕ್ರ, ಚೀಲದೊಳಗಿನ ಕೆಂಪು ಚೆಂಡು ಹಳದಿ ಚೆಂಡು ಇವೆಲ್ಲಾ ಪುಸ್ತಕದಲ್ಲೇ ಇದಾವೆ, ನಾನು ಮನೆಯಿಂದ ತಂದಿದ್ದಲ್ಲ. ಆದ್ರೆ ಪಾಠದ ಕೊನೆಗೆ ಬರೋ ಭಾಗ ಅಂತ ಬಹಳ ಕಡೆ ಇದನ್ನ ಬಿಟ್ಟೇ ಬಿಡ್ತಾರೆ. ನನಗೂ ಮೊದಲನೇ ವರ್ಷ ಒಬ್ಬ ಹಿರಿಯ ಮೇಷ್ಟ್ರು, ಬಿಡಮ್ಮ, ಒಂದೋ ಎರಡೋ ಮಾರ್ಕ್ಸಿಗೆ ಬರೋದು, ಸೂತ್ರ ಬರೆಸಿ ಕಳಿಸು ಅಂದ್ರು. ಬರೆಸಿದೆ. ಅನುಕೂಲ ಫಲಿತಾಂಶಗಳ ಸಂಖ್ಯೆ ಮೇಲೆ, ಒಟ್ಟು ಫಲಿತಾಂಶಗಳ ಸಂಖ್ಯೆ ಕೆಳಗೆ, ಮಕ್ಕಳು ಬಾಯಿಪಾಠ ಮಾಡಿದ್ರು. ಆಮೇಲೆ ಒಂದು ಹುಡುಗೀನ ಕೇಳ್ದೆ, ನಾಣ್ಯ ನಾಲ್ಕು ಸಲ ಸತತ ತಲೆ ಬಿದ್ದಿದೆ, ಐದನೇ ಸಲ ಏನು ಬೀಳ್ಬೋದು ಅಂತ. ಬಾಲನೇ ಮಿಸ್, ಇಷ್ಟು ಸಲ ತಲೆ ಬಿದ್ದಿದೆ, ಇನ್ನು ಬಾಲ ಬೀಳ್ಲೇಬೇಕು ಅಂದ್ಲು. ಇಡೀ ಕ್ಲಾಸು ಹೌದೌದು ಅಂತು.

ಸಾರ್, ಆ ಉತ್ತರ ಕೇಳಿ ನನಗೆ ಎದೆ ಧಸಕ್ ಅಂತು. ಯಾಕೆ ಅಂತ ಹೇಳ್ತೀನಿ. ನನ್ನ ತಮ್ಮ ಅರ್ಧ ಎಕರೆ ಟೊಮೆಟೊ ಬೆಳೆದು ಒಂದು ವರ್ಷ ಒಳ್ಳೆ ರೇಟ್ ಸಿಕ್ಕಿ ಬಂದ 1 ಲಕ್ಷ 80 ಸಾವಿರ ರೂಪಾಯೀನ ಒಂದೇ ಐಪಿಎಲ್ ಸೀಜನ್ನಲ್ಲಿ ಮೊಬೈಲ್ ಬೆಟ್ಟಿಂಗಿಗೆ ಹಾಕಿ ಕಳೆದ. ರಾತ್ರಿ ಹನ್ನೊಂದಕ್ಕೆ ಹಿತ್ತಿಲಲ್ಲಿ ಕೂತು ಅವನು ನನಗೆ ಹೇಳಿದ್ದು ಇದೇ ಮಾತು. ಅಕ್ಕಾ ಐದು ಸಲ ಸೋತಿದೀನಿ, ಈ ಸಲ ಬರ್ಲೇಬೇಕು, ಇನ್ನೊಂದು ಇಪ್ಪತ್ತು ಸಾವಿರ ಕೊಡು. ಕೊಟ್ಟೆ. ಅದೂ ಹೋಯ್ತು. ನಮ್ಮಪ್ಪನ ಕಾಲದಲ್ಲಿ ಓಸಿ, ಮಟ್ಕಾ ಅಂತಿತ್ತು, ಆಮೇಲೆ ಲಾಟರಿ, 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತ್ರೆ ಸ್ವಲ್ಪ ವರ್ಷಕ್ಕೆ ಫೋನ್ ಬಂತು. ದುಡ್ಡಿಟ್ಟು ಆಡೋ ಆನ್‌ಲೈನ್ ಗೇಮ್‌ಗಳನ್ನ ಸಂಸತ್ತು 2025ರ ಆಗಸ್ಟಲ್ಲಿ ಕಾನೂನು ಮಾಡಿ ನಿಷೇಧ ಮಾಡ್ತು, ಒಳ್ಳೇದಾಯ್ತು. ಆದ್ರೆ ತಲೆ ಒಳಗೆ ಕೂತಿರೋ "ಈ ಸಲ ಬರ್ಲೇಬೇಕು" ಅನ್ನೋದನ್ನ ಯಾವ ಕಾನೂನು ತೆಗೆಯುತ್ತೆ? ಅದನ್ನ ತೆಗೆಯೋಕೆ ಹದಿಮೂರು ವರ್ಷದ ಮಗು ಕೈಗೆ ನಾಣ್ಯ ಕೊಟ್ಟು ಇನ್ನೂರು ಸಲ ಚಿಮ್ಮಿಸಿ ಬರೆಸ್ಬೇಕು, ಬೇರೆ ದಾರಿ ನನಗಂತೂ ಕಾಣ್ಲಿಲ್ಲ.

ಅದನ್ನೇ ಮಾಡಿದ್ದು. ಎರಡನೇ ವರ್ಷದಿಂದ ಮಕ್ಕಳನ್ನ ಇಬ್ಬಿಬ್ಬರು ಜೋಡಿ ಮಾಡಿ ಒಬ್ಬರು ಚಿಮ್ಮೋದು ಒಬ್ಬರು ಬರೆಯೋದು, ತಲೆ ಬಿದ್ರೆ ತ, ಬಾಲ ಬಿದ್ರೆ ಬಾ. ಆಮೇಲೆ ಆ ಉದ್ದ ಸಾಲಲ್ಲಿ ಮೂರು ತ ಒಟ್ಟಿಗೆ ಬಂದ ಜಾಗಕ್ಕೆಲ್ಲಾ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಅದರ ಪಕ್ಕದ್ದು ಏನು ಬಂದಿದೆ ಅಂತ ಎಣಿಸೋದು. ಇಡೀ ಕ್ಲಾಸಿಂದು ಸೇರ್ಸಿದ್ರೆ ಹತ್ತಿರ ಹತ್ತಿರ ಅರ್ಧಕ್ಕರ್ಧ. ನಾಣ್ಯಕ್ಕೆ ಹಿಂದಿಂದು ನೆನಪಿರಲ್ಲ ಮಿಸ್ ಅಂತ ಅವರೇ ಹೇಳಿದ್ರು, ನಾನು ಹೇಳಿಕೊಟ್ಟ ಮಾತಲ್ಲ ಅದು. ಇದು ಆಟ, ಕಾಲಹರಣ ಅನ್ನೋರಿಗೆ ಒಂದು ಹೇಳ್ತೀನಿ. ಎರಡನೇ ಮಹಾಯುದ್ಧದ ಸಮಯದಲ್ಲಿ ಡೆನ್ಮಾರ್ಕಲ್ಲಿ ಬಂಧನದಲ್ಲಿದ್ದ ಜಾನ್ ಕೆರಿಚ್ ಅನ್ನೋ ಗಣಿತಜ್ಞ 10,000 ಸಲ ನಾಣ್ಯ ಚಿಮ್ಮಿ ಬರೆದಿಟ್ರು, 5,067 ಸಲ ತಲೆ ಬಿತ್ತು. ಇವತ್ತಿಗೂ ಕಾಲೇಜಲ್ಲಿ ಅದನ್ನ ಹೇಳ್ತಾರೆ. ನಮ್ಮ ಮಕ್ಕಳು ಮಾಡಿದ್ದೂ ಅದೇ ಕೆಲಸ.

ಚೌಕಾಬಾರ ನಿಮ್ಮ ಮನೇಲೂ ಆಡಿರ್ತೀರ. ಕವಡೆ ಇಲ್ಲ ಅಂದ್ರೆ ಹುಣಸೆ ಬೀಜ ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡ್ಕೊಳ್ಳೋದು. ನಾಲ್ಕೂ ಬಿಳಿ ಬಿದ್ರೆ ಚೌಕ, ನಾಲ್ಕೂ ಕಪ್ಪು ಬಿದ್ರೆ ಬಾರ, ಎಂಟು ಮನೆ ನಡೆಸ್ಬೋದು. ಮಕ್ಕಳು ಬಾರ ಬೀಳ್ಲಿ ಅಂತ ಬೀಜಾನ ಮುಷ್ಟಿಯಲ್ಲಿ ಹಿಡಿದು ಉಫ್ ಅಂತ ಊದಿ ಎಸೀತಾರೆ, ನಾನೂ ಚಿಕ್ಕೋಳಿದ್ದಾಗ ಊದ್ತಿದ್ದೆ. ಸರಿ, ಊದಿದ್ರೆ ನಿಜವಾಗ್ಲೂ ಬೀಳುತ್ತಾ ನೋಡೋಣ ಅಂದೆ. 48 ಸಲ ಊದಿ ಎಸೆದ್ರು, 48 ಸಲ ಊದ್ದೆ ಎಸೆದ್ರು. ಊದಿದಾಗ ಬಾರ ಬಿದ್ದಿದ್ದು ಮೂರು, ಊದ್ದೇ ಇದ್ದಾಗ ನಾಲ್ಕು. ಆಮೇಲೆ ನಾಲ್ಕು ಬೀಜ ಬೀಳೋ ರೀತಿ ಎಷ್ಟು ಅಂತ ಬೋರ್ಡ್ ಮೇಲೆ ಒಂದೊಂದಾಗಿ ಬರೆದ್ರು, 16 ಬಂತು, ಬೀಜ ಎರಡೂ ಕಡೆ ಸಮವಾಗಿ ಬೀಳುತ್ತೆ ಅಂತ ಇಟ್ಕೊಂಡ್ರೆ ಅದರಲ್ಲಿ ನಾಲ್ಕೂ ಕಪ್ಪು ಒಂದೇ ಒಂದು ರೀತಿ, ಎರಡು ಬಿಳಿ ಎರಡು ಕಪ್ಪು ಆರು ರೀತಿ. 48ಕ್ಕೆ ಮೂರು ಅಂತ ಲೆಕ್ಕ ಹೊಂದಿಕೊಂಡಾಗ ಒಂದು ಮಗು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮನೇಲಿ ತೆಲುಗು ಮಾತಾಡಿ ಸ್ಕೂಲಲ್ಲಿ ಕನ್ನಡದಲ್ಲಿ ಓದೋ ಮಗು, ಗಣಿತದ ಪೀರಿಯಡಲ್ಲಿ ಅಲ್ಲಿವರೆಗೂ ತಲೆ ಎತ್ತಿರ್ಲಿಲ್ಲ.

ದಾಳದ ವಿಷ್ಯ ಇನ್ನೂ ಚೆನ್ನಾಗಿದೆ. ಹನ್ನೆರಡರಲ್ಲಿ ಒಂದು ದಾಳದ ಮೇಲೆ ಮಕ್ಕಳಿಗೆ ಅನುಮಾನ ಬಂತು. ಮಿಸ್, ಈ ದಾಳ ಮೋಸ, ಯಾವಾಗ್ಲೂ ನಾಲ್ಕೇ ಹಾಕುತ್ತೆ ಅಂದ್ರು. ಸುಮ್ನೆ ಮೋಸ ಅನ್ಬಾರ್ದು, ಎಣಿಸಿ ತೋರ್ಸಿ ಅಂದೆ. 120 ಸಲ ಎಸೆದ್ರು. ಸರಿಯಾದ ದಾಳ ಆಗಿದ್ರೆ ಒಂದೊಂದು ಮುಖ ಇಪ್ಪತ್ತರ ಆಸುಪಾಸು ಬೀಳ್ಬೇಕು, ಇದ್ರಲ್ಲಿ ನಾಲ್ಕು ಬಿದ್ದಿದ್ದು 37 ಸಲ, ಮೂರು ಬಿದ್ದಿದ್ದು ಎಂಟೇ ಸಲ. ಒಂದು ಸಲ ಆಕಸ್ಮಿಕ ಇರ್ಬೋದು ಅಂತ ಮಾರನೇ ದಿನ ಮತ್ತೆ 120 ಸಲ, ಮತ್ತೆ 35. ದಾಳ ತಿರುಗಿಸಿ ತಿರುಗಿಸಿ ನೋಡಿ ಒಬ್ಬ ಹುಡುಗ ಕಂಡುಹಿಡಿದ: ಮೂರರ ಮುಖದ ಹತ್ರ ಮರದ ಗಂಟು ಇದೆ, ಗಂಟಿರೋ ಕಡೆ ಭಾರ, ಭಾರ ಕೆಳಗೆ ಹೋಗುತ್ತೆ, ಎದುರು ಮುಖ ನಾಲ್ಕು ಮೇಲೆ ಬರುತ್ತೆ. ಆ ದಾಳಕ್ಕೆ ಹಸಿರು ಚುಕ್ಕೆ ಇಟ್ಟು ಬೇರೆ ಪೊಟ್ಟಣದಲ್ಲಿ ಹಾಕಿಟ್ವಿ. ಅನುಮಾನ ಬಂತು, ಎಣಿಸಿದ್ರು, ಮತ್ತೊಂದ್ಸಲ ಎಣಿಸಿದ್ರು, ಕಾರಣ ಹುಡುಕಿದ್ರು. ಇದಕ್ಕಿಂತ ಒಳ್ಳೆ ಗಣಿತದ ಕ್ಲಾಸು ನಾನು ಓದಿದ ಕಾಲೇಜಲ್ಲೂ ನೋಡಿಲ್ಲ ಸಾರ್. ಈ ಹುಡುಗನ್ನ ನೆನಪಿಟ್ಕೊಳ್ಳಿ.

ಈಗ ಆ ದಿನಕ್ಕೆ ಬರ್ತೀನಿ. ಕಳೆದ ನವೆಂಬರು, ಮಧ್ಯಾಹ್ನದ ಊಟ ಆದ್ಮೇಲೆ ಮೊದಲನೇ ಪೀರಿಯಡ್ಡು. ಬೆಂಚೆಲ್ಲಾ ಗೋಡೆ ಕಡೆ ಸರ್ಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ರಸ್ತೆ ಬರೆದಿದ್ವಿ. ಕೋಲಾರದ ಟೊಮೆಟೊ ಮಂಡಿಯಿಂದ ಲಾರಿ ಹೊರಡುತ್ತೆ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಚೆನ್ನೈ ಮುಟ್ಟಬೇಕು. ಬೆಂಕಿಪೊಟ್ಟಣವೇ ಲಾರಿ, 1ರಿಂದ 12ರವರೆಗೆ ನಂಬರು. ಎರಡು ದಾಳ ಎಸೆದು ಕೂಡಿಸಿ ಬಂದ ನಂಬರಿನ ಲಾರಿ ಒಂದು ಮನೆ ಮುಂದೆ ಹೋಗುತ್ತೆ. ಮೊದಲೇ ಯಾರಿಗೆ ಯಾವ ಲಾರಿ ಬೇಕೋ ಆರ್ಸಿಕೊಳ್ಳಿ ಅಂದಿದ್ದೆ. ದೊಡ್ಡ ನಂಬರು ಅಂತ 12ಕ್ಕೆ ಜಗಳ ಆಯ್ತು. 7 ಯಾರಿಗೂ ಬೇಡವಾಗಿ ಕೊನೆಗೆ ಒಂದು ಮೆತ್ತಗಿನ ಹುಡುಗಿಗೆ ಸಿಕ್ತು. ದಾಳದ ಗಂಟು ಕಂಡುಹಿಡಿದ ಅದೇ ಹುಡುಗ ಒಂದನೇ ನಂಬರ್ ನಂದು, ನಾನೇ ಫಸ್ಟು ಅಂತ 1 ತಗೊಂಡ.

ದಾಳ ಬೀಳ್ತಾ ಹೋಯ್ತು. 7 ಚಿತ್ತೂರು ದಾಟಿದ್ರೆ 12 ಮುಳಬಾಗಿಲಲ್ಲೇ ನಿಂತಿದೆ. 6, 8 ಹಿಂದೆ ಹಿಂದೆ ಬರ್ತಿವೆ. ಹದಿನೈದು ಸಲ ಎಸೆದ್ಮೇಲೆ ಆ ಹುಡುಗ ತಲೆ ಕೆರ್ಕೊಂಡು ಎದ್ದು, ಮಿಸ್, ಎರಡು ದಾಳ ಕೂಡಿದ್ರೆ ಒಂದು ಹೆಂಗೆ ಬರುತ್ತೆ, ಕಡಿಮೆ ಅಂದ್ರೂ ಎರಡು, ನನ್ ಲಾರಿ ಮಂಡಿ ಬಿಟ್ಟು ಹೊರಡಲ್ಲ ಅಂದ. ಅಸಂಭವ ಘಟನೆ ಅನ್ನೋ ಪದ ಬೋರ್ಡ್ ಮೇಲೆ ಬರೆಯೋಕೆ ಇದಕ್ಕಿಂತ ಒಳ್ಳೆ ಗಳಿಗೆ ಬರುತ್ತಾ? ಸೀಮೆಸುಣ್ಣ ತಗೊಂಡೆ. ಅದೇ ಹೊತ್ತಿಗೆ ಬಾಗಿಲಲ್ಲಿ ಅಧಿಕಾರಿ ನಿಂತಿದ್ರು.

ಏನ್ರೀ ಇದು, ಸ್ಕೂಲೋ ಜೂಜಿನ ಅಡ್ಡಾನೋ ಅಂದ್ರು. ಪಾಠದ ಚಟುವಟಿಕೆ ಸಾರ್ ಅಂತ ಪುಸ್ತಕ ತೆಗೆದು ತೋರ್ಸೋಕೆ ಹೋದೆ, ಪುಸ್ತಕದ ಕಡೆ ಕಣ್ಣೂ ಹಾಕ್ಲಿಲ್ಲ. ಡಬ್ಬದಲ್ಲಿ ಒಂದು ಇಸ್ಪೀಟ್ ಕಟ್ಟೂ ಇತ್ತು, ಅದು ಕಂಡಿದ್ದೇ ತಡ ಸ್ವರ ಜಾಸ್ತಿ ಆಯ್ತು. ಹುಣಸೆ ಬೀಜ ಕಿಟಕಿಯಿಂದ ಆಚೆ ಎಸೆದ್ರು. ನೆಲದ ಮೇಲಿನ ರಸ್ತೇನ ಶೂ ಕಾಲಲ್ಲಿ ಉಜ್ಜಿದ್ರು. ಎದ್ದು ನಿಂತಿದ್ದ ಆ ಹುಡುಗನ್ನ ಮುಂದೆ ಕರೆದು ಎಲ್ಲರ ಎದುರಿಗೆ ಕೇಳಿದ್ರು: ನಿಮ್ಮಪ್ಪ ಇಸ್ಪೀಟ್ ಆಡ್ತಾನೇನೋ, ಅದಕ್ಕೇ ನಿನಗೆ ಇಷ್ಟು ಚೆನ್ನಾಗಿ ಬರುತ್ತೆ. ಸಾರ್, ಅವರಪ್ಪ ಆಡ್ತಾರೆ. ಊರಿಗೆಲ್ಲಾ ಗೊತ್ತು, ಕ್ಲಾಸಿಗೆಲ್ಲಾ ಗೊತ್ತು. ಅಮ್ಮ ಕೂಲಿ ಮಾಡಿ ಮನೆ ನಡೆಸೋದು. ಹುಡುಗ ಏನೂ ಮಾತಾಡ್ಲಿಲ್ಲ, ಬೆಂಕಿಪೊಟ್ಟಣ ಕೈಯಲ್ಲೇ ಇತ್ತು, ಅದನ್ನ ಹಿಂಡ್ತಾ ಹಿಂಡ್ತಾ ಪುಡಿ ಮಾಡಿಬಿಟ್ಟ. ಐದು ನಿಮಿಷ ಕಿವಿ ಹಿಡಿಸಿ ನಿಲ್ಸಿದ್ರು. ಆಮೇಲೆ ನನ್ನ ಕಡೆ ತಿರುಗಿ, ಧರ್ಮರಾಯ ಪಗಡೆ ಆಡಿ ಏನಾದ ಅಂತ ಓದಿಲ್ವಾ ಅಂತ ಹೇಳಿ ಡಬ್ಬ ಕಂಕುಳಲ್ಲಿ ಇಟ್ಕೊಂಡು ಜೀಪ್ ಹತ್ತಿದ್ರು. ರಸೀದಿ ಇಲ್ಲ, ಮಹಜರು ಇಲ್ಲ. ಹೆಡ್‌ಮಾಸ್ಟರಿಗೆ ಮೂರನೇ ದಿನ ನೋಟಿಸ್ ಬಂತು, ತರಗತಿಯಲ್ಲಿ ಜೂಜಿಗೆ ಪ್ರೋತ್ಸಾಹ ಅಂತ.

ಜೂಜು. ಈ ಪದ ಎಂಟು ತಿಂಗಳಿಂದ ನನ್ನ ಕಿವಿಯಲ್ಲಿದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರಲ್ಲಿ ಜೂಜು ಅಂದ್ರೆ ಏನು ಅಂತ ನಿಮಗೆ ಚೆನ್ನಾಗಿ ಗೊತ್ತು, ನೀವು ಶಾಸನ ಸಭೇಲಿ ಕೂರೋರು. ಪಣ ಇರ್ಬೇಕು. ಆ ಕೋಣೇಲಿ ಒಂದು ಪೈಸೆ ಪಣ ಇರ್ಲಿಲ್ಲ, ಗೆದ್ದೋರಿಗೆ ಒಂದು ಪೆಪ್ಪರ್‌ಮೆಂಟೂ ಇರ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 29ನೇ ಸೆಕ್ಷನ್ನೂ ನಿಮಗೆ ಗೊತ್ತು, ಚಟುವಟಿಕೆ ಮೂಲಕ, ಹುಡುಕಾಟದ ಮೂಲಕ ಕಲಿಸಬೇಕು ಅಂತ ಅಲ್ಲೇ ಇದೆ. 17ನೇ ಸೆಕ್ಷನ್ನೂ ಗೊತ್ತು, ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಅಂತ. ಹಂಗಾದ್ರೆ ಆವತ್ತು ಕಾನೂನು ಮುರಿದೋರು ಯಾರು? ನಾನಾ? ಕಿವಿ ಹಿಡ್ಕೊಂಡು ನಿಂತ ಆ ಹುಡುಗನಾ? ನೋಟಿಸ್ ಯಾರಿಗೆ ಬಂತು? ಡಬ್ಬ ಯಾರ ಹತ್ರ ಇದೆ? ನಮ್ಮ ಡಬ್ಬ ವಾಪಸ್ ಕೊಡ್ಸಿ.

ಧರ್ಮರಾಯನ ಮಾತು ಬಂದಿದ್ದಕ್ಕೆ ಹೇಳ್ತೀನಿ. ಅದೇ ಭಾರತದ ಕಥೇಲಿ ಧರ್ಮರಾಯ ಕಾಡಲ್ಲಿ ಕೂತು ಕೊರಗ್ವಾಗ ಋಷಿ ಬೃಹದಶ್ವ ಅವನಿಗೆ ನಳನ ಕಥೆ ಹೇಳ್ತಾರೆ. ನಳ ದಾಳ ಆಡಿ ರಾಜ್ಯ ಕಳ್ಕೊಂಡವನು. ಋತುಪರ್ಣ ರಾಜ ರಥದಲ್ಲಿ ಹೋಗ್ತಾ ಒಂದು ತಾರೆ ಮರದ ಎಲೆ ಕಾಯಿ ಎಷ್ಟಿದಾವೆ ಅಂತ ಲೆಕ್ಕ ಹೇಳ್ತಾನೆ, ನಳ ಇಳಿದು ಎಣಿಸಿ ನೋಡಿದ್ರೆ ಸರಿಯಾಗಿರುತ್ತೆ. ಅದೇ ರಾಜ ನಳನಿಗೆ ಅಕ್ಷಹೃದಯ, ದಾಳದ ಮರ್ಮದ ವಿದ್ಯೆ, ಕಲಿಸಿದ. ಅದು ಕೈಗೆ ಬಂದಾಗ್ಲೇ ನಳನ ಮೈ ಹೊಕ್ಕಿದ್ದ ಕಲಿಪುರುಷ ಬಿಟ್ಟು ಹೋಗಿದ್ದು. ಕೊನೆಗೆ ಧರ್ಮರಾಯನೂ ಆ ವಿದ್ಯೆ ಕಲೀತಾನೆ. ಅಂದ್ರೆ ನಮ್ಮ ಹಿರೀಕರು ಏನು ಹೇಳಿದಾರೆ ಸಾರ್? ದಾಳದ ಲೆಕ್ಕ ಗೊತ್ತಿಲ್ದೇ ಇರೋನು ಕೆಡ್ತಾನೆ ಅಂತ. ನಾನು ಕಲಿಸ್ತಿದ್ದಿದ್ದು ಆ ಲೆಕ್ಕ.

ಈ ಗಣಿತ ಹುಟ್ಟಿದ್ದೂ ಹಿಂಗೇ. 1654ರಲ್ಲಿ ಪ್ಯಾಸ್ಕಲ್, ಫರ್ಮಾ ಅನ್ನೋ ಇಬ್ಬರು ದೊಡ್ಡ ಗಣಿತಜ್ಞರು ದಾಳದಾಟದ ಪ್ರಶ್ನೆ ಹಿಡ್ಕೊಂಡೇ ಒಬ್ಬರಿಗೊಬ್ಬರು ಪತ್ರ ಬರ್ಕೊಂಡ್ರು. ಇವತ್ತು ಇನ್ಶೂರೆನ್ಸ್ ಕಂತು, ಔಷಧಿ ಪರೀಕ್ಷೆ, ನಾಳೆ ಮಳೆ ಬರೋ ಸಾಧ್ಯತೆ ಇಷ್ಟು ಪರ್ಸೆಂಟ್ ಅಂತ ಹೇಳೋದು ಎಲ್ಲಾ ಇದರ ಮೇಲೇ ನಿಂತಿದೆ. ಸಿ. ಆರ್. ರಾವ್ ಅಂತ ಜಗತ್ತಿಗೇ ದೊಡ್ಡ ಸಂಖ್ಯಾಶಾಸ್ತ್ರಜ್ಞರು, 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 2023ರಲ್ಲಿ ಆ ಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು ಅವರಿಗೆ. ನಮ್ಮ ತಾಲ್ಲೂಕಿಂದ ಅಂಥ ಒಂದು ಮಗು ಬರ್ಬಾರ್ದಾ?

ಇಸ್ಪೀಟ್ ಕಟ್ಟು ಯಾಕಿತ್ತು ಅಂತ ಕೇಳ್ಬೋದು. ಹತ್ತನೇ ಕ್ಲಾಸಿನ ಪುಸ್ತಕ ತೆಗೀರಿ ಸಾರ್, ಸಂಭವನೀಯತೆ ಪಾಠದಲ್ಲಿ ಚೆನ್ನಾಗಿ ಕಲೆಸಿದ 52 ಇಸ್ಪೀಟ್ ಎಲೆಗಳ ಲೆಕ್ಕ ಇದೆ. ರಾಜ ಬರೋ ಸಂಭವನೀಯತೆ ಎಷ್ಟು, ಮುಖ ಇರೋ ಎಲೆ ಬರೋದು ಎಷ್ಟು ಅಂತ. ಮುಖ ಇರೋ ಎಲೆ 12, ಹಾಗಾಗಿ 52ರಲ್ಲಿ 12, ಅಂದ್ರೆ 13ರಲ್ಲಿ 3. ಆದ್ರೆ ಮನೇಲಿ ಇಸ್ಪೀಟ್ ಎಲೆ ಕಣ್ಣಲ್ಲೂ ನೋಡ್ದೇ ಇರೋ ಹೆಣ್ಣುಮಗು ಮುಖ ಇರೋ ಎಲೆ ಅಂದ್ರೆ ಯಾವುದು, ಒಂದೊಂದು ಬಣ್ಣದಲ್ಲಿ ಎಷ್ಟು ಅಂತ ಎಲ್ಲಿಂದ ತಿಳ್ಕೋಬೇಕು? ನನ್ನ ಹಳೇ ಸ್ಟೂಡೆಂಟ್ ಒಬ್ಬಳು ಹೈಸ್ಕೂಲಿಂದ ಬಂದು ಇದೇ ಕೇಳಿದ್ಲು, ಮಿಸ್ ಲೆಕ್ಕ ಬರುತ್ತೆ, ಎಲೆ ಗೊತ್ತಿಲ್ಲ ಅಂತ. ಅದಕ್ಕೇ ಒಂದು ಕಟ್ಟು ತಂದಿಟ್ಟೆ. ಸರ್ಕಾರವೇ ಪ್ರಶ್ನೆ ಕೇಳುತ್ತೆ, ಎಲೆ ತೋರ್ಸಿದ್ರೆ ಸರ್ಕಾರದವರೇ ನೋಟಿಸ್ ಕೊಡ್ತಾರೆ. ಮಕ್ಕಳು ಎಲ್ಲಿಗೆ ಹೋಗ್ಬೇಕು? ನೀವೇ ಹೇಳಿ.

ನಾಲ್ಕು ಐದನೇ ಕ್ಲಾಸಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಬರುತ್ತೆ, ಮಕ್ಕಳು ಮುಟ್ಟಿ ನೋಡಿ ಕಲೀತಾರೆ, ಅದನ್ನ ಯಾರೂ ತಪ್ಪು ಅನ್ನಲ್ಲ. ಒಂದರಿಂದ ಮೂರಕ್ಕೆ ಆಡ್ತಾ ಕಲಿಯೋ ನಲಿಕಲಿ ಇದೆ. ಆರನೇ ಕ್ಲಾಸಿಗೆ ಕಾಲಿಟ್ಟ ಕೂಡ್ಲೇ ಮಗು ಕೈ ಕಟ್ಟಿ ಕೂತು ಸೂತ್ರ ಬರ್ಕೋಬೇಕಾ?

ಆ ಹುಡುಗ 19 ದಿನ ಸ್ಕೂಲಿಗೆ ಬರ್ಲಿಲ್ಲ. ಹಾಜರಿ ಪುಸ್ತಕದಲ್ಲಿ ಇದೆ, ತರ್ಸಿ ನೋಡಿ. ಅವರಮ್ಮನ ಹತ್ರ ಎರಡು ಸಲ ಹೋಗಿ ಕೈ ಮುಗ್ದು ಕರ್ಕೊಂಡು ಬಂದೆ. ಬಂದ್ಮೇಲೆ ಕೊನೇ ಬೆಂಚಲ್ಲಿ ಕೂತ. ಮಾರ್ಚ್ ಮುಗಿಯೋವರೆಗೂ ನನ್ನ ಕ್ಲಾಸಲ್ಲಿ ಅವನು ಒಂದೇ ಒಂದು ಸಲ ಬಾಯಿ ಬಿಡ್ಲಿಲ್ಲ. ಮಾತು ಮಾತಿಗೆ ಎದ್ದು ನಿಲ್ತಿದ್ದ ಹುಡುಗ ಸಾರ್.

ನನ್ನ ವಿಷ್ಯ. ಈ ಜೂನಲ್ಲಿ ಅತಿಥಿ ಶಿಕ್ಷಕರ ಪಟ್ಟೀಲಿ ನನ್ನ ಹೆಸರಿಲ್ಲ. ಕಾರಣ ಯಾರೂ ಬರೆದು ಕೊಡಲ್ಲ, ಹೆಡ್‌ಮಾಸ್ಟರು ಕಣ್ಣು ತಪ್ಪಿಸ್ತಾರೆ, ಅವರಿಗೆ ರಿಟೈರ್ಮೆಂಟಿಗೆ ಎರಡು ವರ್ಷ, ಅವರನ್ನ ನಾನು ದೂರಲ್ಲ. ಕೆಲಸ ಬೇಡ ಅಂತ ಸುಳ್ಳು ಹೇಳಲ್ಲ, ಬೇಕು. ಮನೆಯೋರು ಮಂಡೀಲಿ ಲೆಕ್ಕ ಬರೀತಾರೆ, ಸೀಜನ್ ಇಲ್ದಾಗ ಅದೂ ಇಲ್ಲ, ಅತ್ತೆಗೆ ಶುಗರ್ ಮಾತ್ರೆ ಆಗ್ಬೇಕು, ಮಗಳ ಕಾಲೇಜ್ ಫೀಸ್ ಕಟ್ಬೇಕು. ಈಗ ಸಂಜೆ ಜಗಲೀಲಿ ಹತ್ತು ಹನ್ನೆರಡು ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ, ಕೊಟ್ಟಷ್ಟು ಇಸ್ಕೊತೀನಿ. ಏಳು ವರ್ಷ ಒಂದು ದಿನ ತಡವಾಗಿ ಹೋಗ್ದೇ ಇರೋಳಿಗೆ ಜೂಜು ಆಡಿಸಿದೋಳು ಅಂತ ಹೆಸರು ಬಂತಲ್ಲ, ಅದು ನುಂಗೋಕಾಗ್ತಿಲ್ಲ. ಸಂತೇಲಿ ಒಬ್ಬರು ಹಿಂದಿನಿಂದ ಅವರೇನಾ ಇಸ್ಪೀಟ್ ಮಿಸ್ಸು ಅಂದ್ರು. ತರಕಾರಿ ಚೀಲ ಹಿಡ್ಕೊಂಡು ಹಂಗೇ ಮನೆಗೆ ಬಂದೆ.

ಇಷ್ಟು ದಿನ ಸುಮ್ನಿದ್ದು ಈಗ ಯಾಕೆ ಎಲ್ಲರೆದುರು ಬರೀತಿದೀನಿ ಅಂದ್ರೆ, ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಆ ಹುಡುಗ ಸಿಕ್ಕಿದ್ದ. ಈಗ ಒಂಬತ್ತನೇ ಕ್ಲಾಸು, ಬೇರೆ ಊರಿನ ಹೈಸ್ಕೂಲು. ಸ್ವಲ್ಪ ಹೊತ್ತು ನೆಲ ನೋಡ್ತಾ ನಿಂತ. ಆಮೇಲೆ ಕೇಳ್ದ, ಮಿಸ್, ನಮ್ ಡಬ್ಬ ವಾಪಸ್ ಬಂತಾ? ಇಲ್ಲಪ್ಪ ಅಂದೆ. ತಲೆ ಅಲ್ಲಾಡಿಸಿ ಬಸ್ ಹತ್ತಿದ. ಎಂಟು ತಿಂಗಳಲ್ಲಿ ಅವನು ನನ್ನ ಹತ್ರ ತಾನಾಗೇ ಆಡಿದ ಮೊದಲನೇ ಮಾತು ಅದು. ಆ ರಾತ್ರಿ ನಿದ್ದೆ ಬರ್ಲಿಲ್ಲ, ಕೂತು ಇದನ್ನ ಬರೆದೆ.

ಹಾಗಾಗಿ ಕೇಳ್ತಿದೀನಿ, ಮತ್ತೆ ಕೇಳ್ತಿದೀನಿ. ಡಬ್ಬ ವಾಪಸ್ ಕೊಡ್ಸಿ. ಆ ನೋಟಿಸ್ ರದ್ದು ಮಾಡ್ಸಿ. ಸಂಭವನೀಯತೆ ಪಾಠಕ್ಕೆ ನಾಣ್ಯ, ದಾಳ, ಕವಡೆ, ಎಲೆ ಬಳಸ್ಬೋದು ಅಂತ ತಾಲ್ಲೂಕಿನ ಎಲ್ಲಾ ಶಾಲೆಗೆ ಬರವಣಿಗೇಲಿ ಒಂದು ಸುತ್ತೋಲೆ ಹೊರಡಿಸೋಕೆ ಹೇಳಿ, ಆಗ ಇನ್ನೊಬ್ಬ ಟೀಚರಿಗೆ ಈ ಗತಿ ಬರಲ್ಲ. ಆರರಿಂದ ಎಂಟರವರೆಗಿನ ಒಂದೊಂದು ಶಾಲೆಗೂ ಒಂದೊಂದು ಡಬ್ಬ ಕೊಡ್ಸಿದ್ರೆ ನಿಮ್ಮ ನಿಧಿಗೆ ಅದೇನು ಭಾರ ಆಗಲ್ಲ, ಹನ್ನೆರಡು ಮರದ ದಾಳ, ಒಂದು ಹಿಡಿ ಹುಣಸೆ ಬೀಜ, ಎರಡು ಬಣ್ಣದ ಮಣಿ, ಒಂದು ಬಟ್ಟೆ ಚೀಲ, ಅಷ್ಟೇ ಅದ್ರಲ್ಲಿರೋದು. ಮತ್ತೆ ಆ ಅಧಿಕಾರಿ ಆ ಹುಡುಗನ ಮನೆಗೆ ಹೋಗಿ ಅವರಮ್ಮನ ಎದುರಿಗೆ, ನಾನು ಹಂಗೆ ಕೇಳ್ಬಾರ್ದಿತ್ತು ಅಂತ ಒಂದು ಮಾತು ಹೇಳ್ಬೇಕು. ಇದರಲ್ಲಿ ಯಾವುದೂ ಆಗದೇ ಇರೋದಲ್ಲ. ಬೇರೇದು ತಡ ಆದ್ರೂ ಕಾಯ್ತೀನಿ, ಡಬ್ಬ ಮಾತ್ರ ಈ ವಾರ ಕೊಡ್ಸಿ.

ಹುಡುಕೋಕೆ ಗುರುತು ಹೇಳ್ತೀನಿ, ಯಾವುದೋ ಆಫೀಸಿನ ಬೀರು ಮೇಲೋ ಮೇಜಿನ ಕೆಳಗೋ ಇರುತ್ತೆ. ಚೌಕದ ತಗಡಿನ ಬಿಸ್ಕೆಟ್ ಡಬ್ಬ, ಕೆಂಪು ಬಣ್ಣ, ಒಂದು ಮೂಲೆ ಜಜ್ಜಿದೆ, ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ 8ನೇ ತರಗತಿ ಅಂತ ಮಕ್ಕಳು ಬರೆದಿದಾರೆ, ತ ಅಕ್ಷರದ ಬಾಲ ಉದ್ದ ಎಳೆದಿದೆ. ಒಳಗೆ ಹನ್ನೊಂದು ದಾಳ ನೀಲಿ ಬಟ್ಟೆ ಚೀಲದಲ್ಲಿವೆ. ಒಂದು ದಾಳ ಬೇರೆ ಪೊಟ್ಟಣದಲ್ಲಿದೆ, ಅದರ ಮೇಲೆ ಹಸಿರು ಚುಕ್ಕೆ ಇದೆ, ಅದು ನಾಲ್ಕು ಜಾಸ್ತಿ ಹಾಕುತ್ತೆ. ಕೆಟ್ಟ ದಾಳ ಅಂತ ಯಾರೂ ಎಸೀಬೇಡಿ, ಅದನ್ನೂ ಹಂಗೇ ಕೊಡಿ. ಜೊತೆಗೆ 120, 120 ಅಂತ ಎರಡು ಪಟ್ಟಿ ಬರೆದಿರೋ ನೋಟ್‌ಬುಕ್ ಹಾಳೆ ಮಡಚಿಟ್ಟಿದೆ, ಅದು ಆ ಹುಡುಗನ ಕೈಬರಹ.

ಇಂತಿ,
ಒಬ್ಬ ಅತಿಥಿ ಶಿಕ್ಷಕಿ
ಕೋಲಾರ ಜಿಲ್ಲೆ